ಠಕ್ಕುರ ಫೇರುವಿನ ‘ದ್ರವ್ಯಪರೀಕ್ಷಾ’: ಬೆಳ್ಳಿಯ ಶುದ್ಧಿ ಮತ್ತು ಸವೆದ ನಾಣ್ಯಗಳ ನಿರ್ಣಯ

ಪ್ರಾಕೃತ ವಾಙ್ಮಯದಲ್ಲಿ ಆಗಮ, ಚರಿತ, ಕಥೆ, ಕರ್ಮಸಿದ್ಧಾಂತಗಳಿಗೆ ಸಂಬಂಧಿಸಿದ ಗ್ರಂಥಗಳು ವಿಪುಲವಾಗಿವೆ. ಗಣಿತ, ಜ್ಯೋತಿಷ, ನಿಮಿತ್ತಗಳನ್ನು ಕುರಿತ ಕೃತಿಗಳೂ ಇಲ್ಲದಿಲ್ಲ. ಆದರೆ ಟಂಕಸಾಲೆಯ ಅನುಭವವನ್ನೇ ಆಧಾರವಾಗಿಟ್ಟುಕೊಂಡು, ಯಾವ ನಾಣ್ಯದಲ್ಲಿ ಬೆಳ್ಳಿಯೆಷ್ಟು ತಾಮ್ರವೆಷ್ಟು ಎಂಬುದನ್ನು ಗಾಹೆಗಳಲ್ಲಿ ಲೆಕ್ಕಹಾಕಿ ಹೇಳಿದ ಗ್ರಂಥವೆಂದರೆ ಠಕ್ಕುರ ಫೇರುವಿನ ‘ದ್ರವ್ಯಪರೀಕ್ಷಾ’. ೧೪೯ ಗಾಹೆಗಳ ಈ ಚಿಕ್ಕ ಕೃತಿ ವಿಕ್ರಮ ಸಂವತ್ ೧೩೭೫ರಲ್ಲಿ, ಎಂದರೆ ಕ್ರಿ.ಶ. ೧೩೧೮ರಲ್ಲಿ, ದಿಲ್ಲಿಯಲ್ಲಿ ಕುತ್ಬುದ್ದೀನ್ ಮುಬಾರಕ್ ಶಾಹನು ಆಳುತ್ತಿದ್ದಾಗ ರಚಿತವಾಯಿತು. ನಾಣ್ಯಗಳ ಸಂಗ್ರಹಕ್ಕೆ ಹೊಸದಾಗಿ ತೊಡಗುವವರು ಇಂದು ಕೇಳುವ ಮೊದಲ ಎರಡು ಪ್ರಶ್ನೆಗಳು ಇದರ ವಿಷಯಕ್ಕೆ ಬಹು ಸಮೀಪದವು: ಇದರಲ್ಲಿರುವ ಬೆಳ್ಳಿ ಎಷ್ಟು ಶುದ್ಧ? ಸವೆದುಹೋದ ಈ ನಾಣ್ಯದ ಯೋಗ್ಯತೆ ಏನು? ಏಳು ನೂರು ವರ್ಷಗಳ ಹಿಂದಿನ ಈ ಶ್ರಾವಕನು ಅವುಗಳನ್ನು ನಿರ್ಣಯಿಸಿದ ಕ್ರಮವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಫೇರುವು ಶ್ರೀಮಾಲ ಕುಲದವನು. ಠಕ್ಕುರ ಚಂದ್ರನ ಮಗ, ಕಲಶನ ಮೊಮ್ಮಗ. ಅವನ ಮನೆತನದ ಊರು ಕನ್ನಾಣ, ಇಂದಿನ ಹರಿಯಾಣದ ಕಲಿಯಾಣಾ. ಖರತರಗಚ್ಛದ ಗುರುಪರಂಪರೆಯನ್ನು ಕುರಿತ ಅವನ ಮೊದಲ ರಚನೆ ಸಂವತ್ ೧೩೪೭ರದು (ಕ್ರಿ.ಶ. ೧೨೯೧). ಸಂವತ್ ೧೩೭೨ರಲ್ಲಿ (ಕ್ರಿ.ಶ. ೧೩೧೫) ಜ್ಯೋತಿಷಸಾರ, ವಾಸ್ತುಸಾರ, ರತ್ನಪರೀಕ್ಷಾ ಎಂಬ ಮೂರು ಗ್ರಂಥಗಳನ್ನು ರಚಿಸಿದನು. ರತ್ನಪರೀಕ್ಷೆಗೆ ಅಲ್ಲಾವುದ್ದೀನ್ ಖಿಲ್ಜಿಯ ಭಂಡಾರದಲ್ಲಿ ಕಂಡ ರತ್ನಗಳು ಆಧಾರವಾದರೆ, ದ್ರವ್ಯಪರೀಕ್ಷೆಗೆ ದಿಲ್ಲಿಯ ಟಂಕಸಾಲೆಯಲ್ಲಿ ಪಡೆದ ಪ್ರತ್ಯಕ್ಷಾನುಭವವೇ ಆಧಾರ. ಇದನ್ನು ತನ್ನ ಸಹೋದರ ಮತ್ತು ಪುತ್ರರ ತಿಳಿವಳಿಕೆಗಾಗಿ ಬರೆಯುತ್ತಿರುವುದಾಗಿ ಗ್ರಂಥಕಾರನೇ ಹೇಳಿಕೊಂಡಿದ್ದಾನೆ. ಹೀಗೆ ಗ್ರಂಥವು ರಾಜಸಭೆಯ ಮೆಚ್ಚುಗೆಗಾಗಲಿ ಪಂಡಿತರ ವಾದಕ್ಕಾಗಲಿ ಹುಟ್ಟಿದುದಲ್ಲ. ಮನೆಯ ಹುಡುಗರು ವ್ಯವಹಾರದಲ್ಲಿ ಮೋಸಹೋಗಬಾರದೆಂಬುದು ಅದರ ಪ್ರಯೋಜನ; ಭಾಷೆಯೂ ಅದಕ್ಕೆ ತಕ್ಕಂತೆ ಅಲಂಕಾರವಿಲ್ಲದೆ ಅಂಗಡಿಯ ಮಾತಿಗೆ ಹತ್ತಿರವಾಗಿದೆ. ಸಾಹಿತ್ಯದೃಷ್ಟಿಯಿಂದ ಓದುವವರಿಗೆ ಇದು ಶುಷ್ಕವೆಂದು ತೋರಬಹುದು. ಶುಷ್ಕತೆಯೇ ಇಲ್ಲಿ ಗುಣ.

ಈ ಗ್ರಂಥವು ಉಳಿದುಬಂದುದು ಒಂದು ಹಸ್ತಪ್ರತಿಯ ಪುಣ್ಯದಿಂದ. ಫೇರುವಿನ ಏಳು ಕೃತಿಗಳನ್ನು ಒಳಗೊಂಡ ಆ ಪ್ರತಿ ಸಂವತ್ ೧೪೦೩-೦೪ರಲ್ಲಿ (ಕ್ರಿ.ಶ. ೧೩೪೬-೪೭) ನಕಲಾದುದು, ಮೂಲಕ್ಕೂ ಪ್ರತಿಗೂ ಮೂವತ್ತು ವರ್ಷಗಳಿಗಿಂತ ಕಡಿಮೆ ಅಂತರ. ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರು ೧೯೪೬ರಲ್ಲಿ ಕಲ್ಕತ್ತೆಯ ಜೈನ ಗ್ರಂಥಭಂಡಾರವೊಂದರಲ್ಲಿ ಇದನ್ನು ಗುರುತಿಸಿದರು. ಮುನಿ ಜಿನವಿಜಯರ ಪ್ರಧಾನ ಸಂಪಾದಕತ್ವದ ರಾಜಸ್ಥಾನ ಪುರಾತನ ಗ್ರಂಥಮಾಲೆಯಲ್ಲಿ ೧೯೬೧ರಲ್ಲಿ ಜೋಧಪುರದಿಂದ ಮೂಲಪಾಠವು ಪ್ರಕಟವಾಯಿತು. ೧೯೭೬ರಲ್ಲಿ ವೈಶಾಲಿಯ ಪ್ರಾಕೃತ ಸಂಶೋಧನ ಸಂಸ್ಥೆಯು ಭಂವರಲಾಲ ನಾಹಟಾ ಅವರ ಹಿಂದೀ ಅನುವಾದವನ್ನು ಹೊರತಂದಿತು. ವಾಸುದೇವಶರಣ ಅಗ್ರವಾಲರು ನಾಣ್ಯಶಾಸ್ತ್ರಜ್ಞರ ಗಮನವನ್ನು ಇದರತ್ತ ಸೆಳೆದರು. ೧೯೯೦ರಲ್ಲಿ ಜಾನ್ ಡೇಯೆಲ್ ಉತ್ತರ ಭಾರತದ ಮಧ್ಯಯುಗೀನ ಹಣದ ಚರಿತ್ರೆಯನ್ನು ಬರೆದಾಗ ಫೇರುವಿನ ಅಂಕಿಗಳು ಅವರಿಗೆ ಮುಖ್ಯ ಸಾಧನಗಳಲ್ಲಿ ಒಂದಾದುವು. ಆ ಒಂದು ಕಟ್ಟು ಗೆದ್ದಲಿನ ಪಾಲಾಗಿದ್ದರೆ ಇಷ್ಟೂ ಇಲ್ಲವಾಗುತ್ತಿತ್ತು.

ಪ್ರತಿಯ ಕಾಲವೂ ವಿಚಾರಾರ್ಹವಾಗಿದೆ. ಮಹಮ್ಮದ್ ಬಿನ್ ತುಘಲಕನು ಬೆಳ್ಳಿಯ ಟಂಕಕ್ಕೆ ಪ್ರತಿಯಾಗಿ ತಾಮ್ರ-ಹಿತ್ತಾಳೆಯ ಸಂಕೇತನಾಣ್ಯಗಳನ್ನು ಹೊರಡಿಸಿ, ಅವು ಮನೆಮನೆಯಲ್ಲಿ ಕೂಟನಾಣ್ಯಗಳಾಗಿ ತಯಾರಾಗಿ, ಕೊನೆಗೆ ಹಿಂತೆಗೆದುಕೊಳ್ಳಬೇಕಾಗಿ ಬಂದುದು ೧೩೩೦ರ ಸುಮಾರಿಗೆ. ಲಿಪಿಕಾರನು ಈ ಗ್ರಂಥವನ್ನು ಪ್ರತಿಮಾಡಿದುದು ಅದೇ ಸುಲ್ತಾನನ ಆಳಿಕೆಯಲ್ಲಿ.

ಗ್ರಂಥದ ಆರಂಭದಲ್ಲಿ ಲೋಹಗಳ ಶೋಧನೆ, ಬಳಿಕ ಮಿಶ್ರಲೋಹದ ಲೆಕ್ಕ, ಆಮೇಲೆ ನಾಣ್ಯಗಳ ವರ್ಣನೆ ಬರುತ್ತವೆ. ಬೆಳ್ಳಿಯ ಶುದ್ಧಿಯನ್ನು ಫೇರುವು ‘ವಿಸುವ’ ಎಂಬ ಮಾನದಿಂದ ಅಳೆಯುತ್ತಾನೆ. ಇಪ್ಪತ್ತು ವಿಸುವವೆಂದರೆ ಬೆರಕೆಯೇ ಇಲ್ಲದ ಬೆಳ್ಳಿ. ಹತ್ತು ವಿಸುವವೆಂದರೆ ಅರ್ಧ ಬೆಳ್ಳಿ, ಅರ್ಧ ಹೀನಲೋಹ. ಈ ಪದವನ್ನು ಸಂಸ್ಕೃತದ ವಿಂಶೋಪಕದೊಡನೆ, ಹಿಂದಿಯ ಬಿಸ್ವಾದೊಡನೆ ಕೂಡಿಸಿ ನೋಡಬೇಕು. ಕನ್ನಡಿಗನಾದ ವಾಚಕನಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಶಾಸನಗಳಲ್ಲಿಯೂ ಲೆಕ್ಕದ ಕಡತಗಳಲ್ಲಿಯೂ ಬರುವ ನಮ್ಮ ‘ವೀಸ’ ಹದಿನಾರರಲ್ಲಿ ಒಂದು ಪಾಲು. ಫೇರುವಿನ ವಿಸುವ ಇಪ್ಪತ್ತರಲ್ಲಿ ಒಂದು. ಧ್ವನಿಸಾಮ್ಯವನ್ನು ನಂಬಿ ಒಂದನ್ನು ಇನ್ನೊಂದೆಂದು ಎಣಿಸಿದರೆ ಪ್ರತಿಯೊಂದು ನಾಣ್ಯದ ಬೆಳ್ಳಿಯೂ ಕಾಲುಭಾಗ ಹೆಚ್ಚಾಗಿ ಕಾಣುತ್ತದೆ. ಚಿನ್ನಕ್ಕೆ ಬೇರೆ ಮಾನ. ಅದು ಹನ್ನೆರಡು ವರ್ಣಗಳದು. ಅಬುಲ್ ಫಜಲನೂ ಐನ್-ಇ-ಅಕ್ಬರಿಯಲ್ಲಿ ಪಾರಸಿಕರು ಚಿನ್ನಕ್ಕೆ ಹತ್ತು ದರ್ಜೆಗಳನ್ನು ಬಲ್ಲರು, ಹಿಂದೂಸ್ತಾನದವರು ಹನ್ನೆರಡನ್ನು ಬಲ್ಲರು, ಆದ್ದರಿಂದ ಶುದ್ಧಚಿನ್ನವನ್ನು ‘ಬಾರಹಬಾನೀ’ ಎನ್ನುತ್ತಾರೆ ಎಂದು ತಿಳಿಸುತ್ತಾನೆ.

ಇಂದಿನ ಸಂಗ್ರಾಹಕನು ಸಾವಿರದ ಪಾಲಿನಲ್ಲಿ ಹೇಳುವ ಶುದ್ಧಿಯನ್ನು ವಿಸುವಕ್ಕೆ ಪರಿವರ್ತಿಸುವುದು ಸುಲಭ. ಐವತ್ತರಿಂದ ಭಾಗಿಸಿದರೆ ಸಾಕು. ೧೮೩೫ರ ಬಳಿಕದ ಬ್ರಿಟಿಷ್ ಇಂಡಿಯಾದ ರೂಪಾಯಿ ೧೮೦ ಗ್ರೇನು, ಎಂದರೆ ೧೧.೬೬ ಗ್ರಾಂ ತೂಕದ್ದು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಫೇರುವಿನ ಭಾಷೆಯಲ್ಲಿ ಅದು ಹದಿನೆಂಟು ವಿಸುವಕ್ಕೆ ಮೇಲೆ ಮೂರರಲ್ಲೊಂದು ಪಾಲು. ೧೯೪೦ರಲ್ಲಿ ಯುದ್ಧದ ಒತ್ತಡದಿಂದ ಬಂದ ರೂಪಾಯಿ ಹತ್ತೇ ವಿಸುವದ್ದು. ೧೯೪೭ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್ಲಿನದು. ಮೂರರ ಗಾತ್ರವೂ ಹೆಚ್ಚುಕಡಮೆ ಒಂದೇ. ಕೌಟಿಲ್ಯನು ಲಕ್ಷಣಾಧ್ಯಕ್ಷನಿಗೆ ವಿಧಿಸಿದ ಬೆಳ್ಳಿಯ ಪಣದಲ್ಲಿ ಹದಿನಾರು ಮಾಷಕ್ಕೆ ನಾಲ್ಕು ಮಾಷ ತಾಮ್ರ, ಒಂದು ಮಾಷ ಉಕ್ಕು, ತವರ, ಸೀಸ, ಅಂಜನಗಳಲ್ಲಿ ಯಾವುದಾದರೊಂದು. ಉಳಿದ ಹನ್ನೊಂದು ಮಾಷ ಬೆಳ್ಳಿ. ಅದು ಹದಿನಾಲ್ಕು ವಿಸುವಕ್ಕೆ ತುಸು ಕಡಿಮೆ. ಅಶುದ್ಧವಾದ ನಾಣ್ಯವೆಲ್ಲ ಕೂಟನಾಣ್ಯವಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ. ರಾಜನೇ ಗೊತ್ತುಪಡಿಸಿದ ಬೆರಕೆ ಬೇರೆ, ಕಳ್ಳಕಮ್ಮಟದ ಬೆರಕೆ ಬೇರೆ. ಹೊಸಬರು ಇವೆರಡನ್ನು ಒಂದಾಗಿ ಭಾವಿಸಿ ಒಳ್ಳೆಯ ನಾಣ್ಯಗಳನ್ನು ‘ಖೋಟಾ’ ಎಂದು ತಳ್ಳಿಬಿಡುವುದುಂಟು.

ಶುದ್ಧಿಯನ್ನು ಕಂಡುಹಿಡಿಯುವ ಪ್ರಾಚೀನ ವಿಧಾನಗಳು ಮುಖ್ಯವಾಗಿ ಎರಡು, ಒರೆಗಲ್ಲು ಮತ್ತು ಅಗ್ನಿ. ಒರೆಗಲ್ಲು ಚಿನ್ನಕ್ಕೆ ಹೇಳಿಮಾಡಿಸಿದ್ದು. ಬೆಳ್ಳಿಯಲ್ಲಿ ಅದರ ಗೆರೆಗಳ ಅಂತರ ಅಷ್ಟು ಸ್ಪಷ್ಟವಲ್ಲ. ಬೆಳ್ಳಿಗೆ ನಿರ್ಣಾಯಕವಾದುದು ಸೀಸದೊಡನೆ ಕರಗಿಸುವ ಕ್ರಮ. ಬೆರಕೆಯ ಬೆಳ್ಳಿಗೆ ಸೀಸವನ್ನು ಕೂಡಿಸಿ ಬೂದಿಯ ಗುಳಿಯಲ್ಲಿಟ್ಟು ತಿದಿಯೂದಿದರೆ ಸೀಸವು ಸುಟ್ಟು ತನ್ನೊಡನೆ ತಾಮ್ರಾದಿ ಹೀನಲೋಹಗಳನ್ನು ಎಳೆದುಕೊಂಡು ಬೂದಿಯಲ್ಲಿ ಇಂಗುತ್ತದೆ. ಬೆಳ್ಳಿಯ ಗುಂಡು ಮಾತ್ರ ಮೇಲೆ ಉಳಿಯುತ್ತದೆ. ಮೊದಲಿನ ತೂಕಕ್ಕೂ ಉಳಿದ ಗುಂಡಿನ ತೂಕಕ್ಕೂ ಇರುವ ಪ್ರಮಾಣವೇ ಶುದ್ಧಿ. ದೋಷವುಳ್ಳ ಬೆಳ್ಳಿಯನ್ನು ಕಾಲುಭಾಗ ಸೀಸದಿಂದ ಶೋಧಿಸಬೇಕೆಂದು ಅರ್ಥಶಾಸ್ತ್ರದಲ್ಲಿ ಉಕ್ತವಾಗಿದೆ. ಫೇರುವಿನ ಗ್ರಂಥದಲ್ಲಿ ಇದೇ ಜಾತಿಯ ಕ್ರಿಯೆಗೆ ‘ಚಾಸಣಿಯ’ ಎಂಬ ಹೆಸರಿದೆ. ಅಕ್ಬರನ ಟಂಕಸಾಲೆಯಲ್ಲಿ ಜಾಲಿಮರದ ಬೂದಿಯನ್ನು ನೀರಿನಿಂದ ಕಲಸಿ ತಟ್ಟೆಯಂತೆ ಮಾಡಿ ಅದರಲ್ಲಿ ಬೆಳ್ಳಿ-ಸೀಸಗಳನ್ನಿಟ್ಟು ಊದುತ್ತಿದ್ದರು.

ಶುದ್ಧವಾಯಿತೆಂಬುದಕ್ಕೆ ಕುರುಹೇನು? ಈ ವಿಷಯದಲ್ಲಿ ಎರಡು ಗ್ರಂಥಗಳ ಮಾತುಗಳನ್ನು ಜೊತೆಗಿಟ್ಟು ನೋಡುವುದು ಫಲಕಾರಿ. ಕೌಟಿಲ್ಯನ ಪ್ರಕಾರ ಶುದ್ಧ ಬೆಳ್ಳಿಯು ‘ಉದ್ಗತಚೂಲಿಕ’, ಸ್ವಚ್ಛ, ಹೊಳೆಯುವಂಥದು, ಮೊಸರಿನ ಬಣ್ಣದ್ದು. ಚೂಲಿಕೆ ಎದ್ದದ್ದು ಎಂದರೇನೆಂಬ ಬಗೆಗೆ ವ್ಯಾಖ್ಯಾನಕಾರರು ಗುಳ್ಳೆ, ಶಿಖೆ ಮುಂತಾಗಿ ಊಹಿಸಿದ್ದಾರೆ. ಅಬುಲ್ ಫಜಲನಾದರೋ ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ: ಬೆಳ್ಳಿಯು ಮಿಂಚಿನಂತೆ ಹೊಳೆದು ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ, ನಡುವೆ ಗಟ್ಟಿಯಾದೊಡನೆ ನೀರು ಚಿಮುಕಿಸಿದರೆ ಕಾಡುಮೇಕೆಯ ಕೊಂಬುಗಳಂಥ ಜ್ವಾಲೆಗಳು ಏಳುತ್ತವೆ. ಇಂದಿನ ರಸಾಯನಶಾಸ್ತ್ರವು ಇದಕ್ಕೆ ಕಾರಣ ಕೊಡುತ್ತದೆ. ಕರಗಿದ ಬೆಳ್ಳಿಯು ಗಾಳಿಯಲ್ಲಿನ ಆಮ್ಲಜನಕವನ್ನು ತನ್ನ ಗಾತ್ರದ ಇಪ್ಪತ್ತರಷ್ಟು ಪ್ರಮಾಣದಲ್ಲಿ ಹೀರಿಕೊಂಡು, ಗಟ್ಟಿಯಾಗುವಾಗ ಒಮ್ಮೆಗೇ ಹೊರಚೆಲ್ಲುತ್ತದೆ. ಮೇಲ್ಮೈ ಒಡೆದು ಸಣ್ಣ ಕೋಡುಗಳು ಏಳುತ್ತವೆ. ತಾಮ್ರ ಬೆರೆತಿದ್ದರೆ ಹೀಗಾಗದು. ಆದ್ದರಿಂದ ‘ಉದ್ಗತಚೂಲಿಕ’ವನ್ನು ಕವಿಸಮಯವೆಂದು ತಳ್ಳಲಾಗದು, ಅದು ಕುಲುಮೆಯ ಮುಂದೆ ಕುಳಿತವನ ಲಕ್ಷಣವಾಕ್ಯ. ಒಂದು ಪದದ ಅರ್ಥನಿರ್ಣಯಕ್ಕೆ ಕೋಶಗಳಿಗಿಂತ ಮೂಸೆಯೇ ಹೆಚ್ಚು ನೆರವಾಗುವ ಸಂದರ್ಭಗಳು ಹೀಗೆ ಇವೆ.

ಆದರೆ ಅಗ್ನಿಪರೀಕ್ಷೆಯಲ್ಲಿ ನಾಣ್ಯವು ನಾಶವಾಗುತ್ತದೆ. ಟಂಕಸಾಲೆಗೆ ಅದರಿಂದ ನಷ್ಟವಿಲ್ಲ, ಸಂಗ್ರಾಹಕನಿಗೆ ಸರ್ವಸ್ವವೂ ನಷ್ಟ. ನಾಶವಿಲ್ಲದ ಪರೀಕ್ಷೆಯೆಂದರೆ ಜಲತುಲೆ. ನಾಣ್ಯವನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ತೂಗುಬಿಟ್ಟು ಒಮ್ಮೆ ತೂಗಿ, ಕಡಿಮೆಯಾದ ತೂಕದಿಂದ ಗಾಳಿಯ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಬರುತ್ತದೆ. ಬೆಳ್ಳಿಗೆ ಅದು ೧೦.೪೯, ತಾಮ್ರಕ್ಕೆ ೮.೯೬. ಹಳೆಯ ಬ್ರಿಟಿಷ್ ರೂಪಾಯಿಗೆ ಸುಮಾರು ೧೦.೩, ೧೯೪೦ರ ಅರ್ಧಬೆಳ್ಳಿಯ ರೂಪಾಯಿಗೆ ಸುಮಾರು ೯.೫. ಈ ಎರಡನ್ನು ಬೇರ್ಪಡಿಸುವುದು ಸಾಮಾನ್ಯ ತಕ್ಕಡಿಗೂ ಸಾಧ್ಯ. ಫೇರುವು ವರ್ಣಿಸುವ ದಿಲ್ಲಿಯ ಸಣ್ಣ ಬೆಳ್ಳಿ-ತಾಮ್ರದ ನಾಣ್ಯಗಳಲ್ಲಿ ಮಾತ್ರ ಕಷ್ಟ ಎದುರಾಗುತ್ತದೆ. ೩.೪೦ ಗ್ರಾಂ ತೂಕದ ನಾಣ್ಯವೊಂದು ನೀರಿನಲ್ಲಿ ೦.೩೫ ಗ್ರಾಂ ಕಳೆದುಕೊಂಡಿತೆಂದು ಇಟ್ಟುಕೊಳ್ಳೋಣ. ಸಾಂದ್ರತೆ ೯.೭೧, ಲೆಕ್ಕಮಾಡಿದರೆ ಬೆಳ್ಳಿ ನೂರಕ್ಕೆ ೫೩ರ ಸುಮಾರು. ಅದೇ ತೂಕದಲ್ಲಿ ಒಂದು ಸೆಂಟಿಗ್ರಾಂ ತಪ್ಪಾಗಿ ೦.೩೪ ಎಂದು ಓದಿದರೆ ಸಾಂದ್ರತೆ ೧೦.೦೦ ಆಗಿ, ಬೆಳ್ಳಿ ನೂರಕ್ಕೆ ೭೧ಕ್ಕೆ ಏರುತ್ತದೆ. ಕೂದಲೆಳೆಯಷ್ಟು ತೂಕದ ತಪ್ಪು ಮೂರೂವರೆ ವಿಸುವದಷ್ಟು ತಪ್ಪಾಗಿ ಪರಿಣಮಿಸಿತು. ನಾಣ್ಯದೊಳಗೆ ಸೀಸವಿದ್ದರೆ ಸಾಂದ್ರತೆ ಏರುತ್ತದೆ, ಎರಕದ ಗುಳ್ಳೆಯಿದ್ದರೆ ಇಳಿಯುತ್ತದೆ. ಇಷ್ಟು ದೋಷಗಳುಳ್ಳ ಪರೀಕ್ಷೆಯಿಂದ ಒಂಟಿ ನಾಣ್ಯದ ಮೇಲೆ ತೀರ್ಪು ಕೊಡುವುದು ಸಾಹಸವೇ ಸರಿ.

ಇಲ್ಲಿ ಫೇರುವಿನ ಪದ್ಧತಿಯ ಮಹತ್ತ್ವವು ಸ್ಪಷ್ಟವಾಗುತ್ತದೆ. ಅವನು ಬೆಳ್ಳಿಯ ಪ್ರಮಾಣವನ್ನು ಒಂದು ನಾಣ್ಯಕ್ಕೆ ಹೇಳುವುದಿಲ್ಲ. ನೂರು ನಾಣ್ಯಗಳಲ್ಲಿ ಇಷ್ಟು ತೊಲ, ಇಷ್ಟು ಮಾಷ, ಇಷ್ಟು ಯವ ಬೆಳ್ಳಿಯೆಂದು ಹೇಳುತ್ತಾನೆ. ಟಂಕಸಾಲೆಯಲ್ಲಿ ನಾಣ್ಯಗಳು ರಾಶಿಯಾಗಿ ಬಂದು ರಾಶಿಯಾಗಿ ಕರಗುತ್ತಿದ್ದುದು ಇದಕ್ಕೆ ಒಂದು ಕಾರಣ. ಸವೆತವು ಇನ್ನೊಂದು ಕಾರಣವಾಗಿರಬೇಕೆಂದು ತೋರುತ್ತದೆ. ಚಲಾವಣೆಯಲ್ಲಿದ್ದ ನೂರು ನಾಣ್ಯಗಳಲ್ಲಿ ಕೆಲವು ಹೊಸವು, ಕೆಲವು ಅರ್ಧ ಸವೆದವು, ಕೆಲವು ಅಂಚು ಕತ್ತರಿಸಿದವು. ಒಂದೊಂದರ ತೂಕದ ವ್ಯತ್ಯಾಸವು ನೂರರ ಮೊತ್ತದಲ್ಲಿ ಅಡಗಿಹೋಗುತ್ತದೆ. ಮೇಲಿನ ಜಲತುಲೆಯಲ್ಲಿಯೂ ಒಂದೇ ಜಾತಿಯ ನೂರು ನಾಣ್ಯಗಳನ್ನು ಒಟ್ಟಿಗೆ ತೂಗಿದರೆ ಸೆಂಟಿಗ್ರಾಮಿನ ತಪ್ಪು ಗಣನೆಗೇ ಬಾರದು. ನೂರು ನಾಣ್ಯಗಳು ಮೂವತ್ತು ತೊಲ ತೂಗಿ ಐದು ವಿಸುವ ಶುದ್ಧಿಯುಳ್ಳವಾದರೆ ಅವುಗಳಲ್ಲಿ ಏಳು ತೊಲ ಆರು ಮಾಷ ಬೆಳ್ಳಿ. ಈ ತ್ರೈರಾಶಿಕವೇ ಗ್ರಂಥದ ಬೆನ್ನೆಲುಬು.

ಬೆರಕೆಯ ಲೆಕ್ಕದಲ್ಲಿ ಫೇರುವು ಸ್ವತಂತ್ರನಲ್ಲ. ಅವನ ‘ಗಣಿತಸಾರಕೌಮುದಿ’ಯು ಶ್ರೀಧರ, ಮಹಾವೀರಾಚಾರ್ಯರ ಪರಂಪರೆಗೆ ಋಣಿಯಾಗಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಚಿತವಾದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಬೇರೆ ಬೇರೆ ವರ್ಣಗಳ ಚಿನ್ನವನ್ನು ಕೂಡಿಸಿ ಕರಗಿಸಿದಾಗ ಬರುವ ವರ್ಣವನ್ನು ಕಾಣುವ ಸೂತ್ರಗಳಿವೆ: ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ ಕೂಡಿಸಿ ಒಟ್ಟು ತೂಕದಿಂದ ಭಾಗಿಸುವುದು. ವರ್ಣದ ಸ್ಥಾನದಲ್ಲಿ ವಿಸುವವನ್ನಿಟ್ಟರೆ ಬೆಳ್ಳಿಗೂ ಇದೇ ಕ್ರಮ ಸಲ್ಲುತ್ತದೆ. ಮಹಾವೀರಾಚಾರ್ಯನು ಚಿನ್ನಕ್ಕೂ ಬೆಳ್ಳಿಗೂ ಪ್ರತ್ಯೇಕ ತೂಕದ ಪರಿಭಾಷೆಗಳನ್ನು ಕೊಟ್ಟಿರುವುದನ್ನೂ ಗಮನಿಸಬೇಕು; ಎರಡು ಗುಂಜಿಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಧರಣವೆಂಬ ಬೆಳ್ಳಿಯ ಮಾನವು ಪ್ರಾಚೀನ ಬೆಳ್ಳಿಯ ಪುರಾಣ ನಾಣ್ಯದ ಮೂವತ್ತೆರಡು ಗುಂಜಿಗಳ ತೂಕಕ್ಕೆ ಸರಿಹೊಂದುತ್ತದೆ. ಕರ್ಣಾಟಕದ ಗಣಿತವು ದಿಲ್ಲಿಯ ಕಮ್ಮಟದ ಲೆಕ್ಕದ ಹಿಂದೆ ನಿಂತಿರುವುದು ಆಶ್ಚರ್ಯದ ಸಂಗತಿಯಲ್ಲ, ಆದರೆ ನಾಣ್ಯಚರಿತ್ರೆ ಬರೆಯುವವರು ಇದನ್ನು ವಿರಳವಾಗಿ ಸ್ಮರಿಸುತ್ತಾರೆ.

ಇನ್ನು ಸವೆತದ ವಿಷಯ. ಸವೆತವು ತೂಕವನ್ನು ಕಡಿಮೆಮಾಡುತ್ತದೆ, ಶುದ್ಧಿಯನ್ನಲ್ಲ. ಬೆರಕೆಯು ಶುದ್ಧಿಯನ್ನು ಕಡಿಮೆಮಾಡುತ್ತದೆ, ತೂಕವನ್ನಲ್ಲ. ಹೊಸಬರ ಗೊಂದಲದ ಬಹುಪಾಲು ಈ ಭೇದವನ್ನು ಮರೆತುದರಿಂದ ಉಂಟಾದುದು. ಆಳುವವರು ಸವೆತಕ್ಕೆ ಮೊದಲಿಂದಲೂ ಮಿತಿಯನ್ನು ಹಾಕುತ್ತ ಬಂದಿದ್ದಾರೆ. ಐನ್-ಇ-ಅಕ್ಬರಿಯಲ್ಲಿ ಹೇಳಿರುವ ಒಂದು ವ್ಯವಸ್ಥೆಯಂತೆ ಹನ್ನೊಂದೂವರೆ ಮಾಷದ ಚೌಕ ರೂಪಾಯಿಗೆ ೪೦ ದಾಮು. ಹಳೆಯ ದುಂಡು ರೂಪಾಯಿ ಪೂರ್ಣತೂಕದ್ದಾಗಲಿ ಒಂದು ಗುಂಜಿ ಕಡಿಮೆಯಾಗಲಿ ೩೯. ಎರಡು ಗುಂಜಿ ಕಡಿಮೆಯಾದರೆ ೩೮. ಅದಕ್ಕೂ ಇಳಿದರೆ ಅದು ನಾಣ್ಯವೇ ಅಲ್ಲ, ಬರಿಯ ಬೆಳ್ಳಿ. ೧೯೦೬ರ ಇಂಡಿಯನ್ ಕಾಯಿನೇಜ್ ಕಾಯಿದೆಯು ನೂರಕ್ಕೆ ಎರಡಕ್ಕಿಂತ ಹೆಚ್ಚು ಸವೆದ ರೂಪಾಯಿಯನ್ನು ಪಾವತಿಗೆ ಸ್ವೀಕರಿಸಬೇಕಾದ ಬಾಧ್ಯತೆಯಿಂದ ಹೊರಗಿಟ್ಟಿತು. ಬಂಗಾಳದ ಸರಾಫರದು ಇನ್ನೂ ವಿಚಿತ್ರ: ನಾಣ್ಯ ನಿಜವಾಗಿ ಸವೆದಿದೆಯೋ ಇಲ್ಲವೋ ನೋಡದೆ, ಅದರ ಮೇಲಿನ ಆಳಿಕೆಯ ವರ್ಷ ಹಳೆಯದಾದೊಡನೆ ವಟ್ಟ ಹಿಡಿಯುತ್ತಿದ್ದರು. ಇದನ್ನು ತಪ್ಪಿಸಲೆಂದೇ ಈಸ್ಟ್ ಇಂಡಿಯಾ ಕಂಪನಿಯು ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಶಾಹ್ ಆಲಮನ ೧೯ನೆಯ ಆಳಿಕೆಯ ವರ್ಷವನ್ನೇ ಎಲ್ಲ ಸಿಕ್ಕಾ ರೂಪಾಯಿಗಳ ಮೇಲೆ ಅಚ್ಚೊತ್ತುತ್ತ ಹೋಯಿತು. ಆ ವರ್ಷಾಂಕವನ್ನು ನಂಬಿ ಅಂಥ ರೂಪಾಯಿಯ ಕಾಲನಿರ್ಣಯ ಮಾಡುವವರು ಇಂದಿಗೂ ದಾರಿತಪ್ಪುತ್ತಾರೆ.

ಇಂದಿನ ಸಂಗ್ರಾಹಕರು ಬಳಸುವ ದರ್ಜೆಗಳು, ಎಂದರೆ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ ಎಂಬುವು, ಯಂತ್ರದಿಂದ ಒತ್ತಿದ ನಾಣ್ಯಗಳನ್ನು ಮನಸ್ಸಿನಲ್ಲಿಟ್ಟು ಬೆಳೆದವು. (ಇವುಗಳಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ, ಬಹಳ ಸವೆದುದು, ಕೊಳ್ಳುವವರು ಇದನ್ನು ಮೊದಲೇ ತಿಳಿದಿರುವುದು ಲೇಸು.) ೧೯೪೯ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ ಒಂದರಿಂದ ಎಪ್ಪತ್ತರವರೆಗಿನ ಅಂಕಮಾನವೂ ಹುಟ್ಟಿದುದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ. ಬ್ರಿಟಿಷ್ ರೂಪಾಯಿಗಳಿಗೆ ಇದು ಸಾಲುತ್ತದೆ. ರಾಣಿಯ ಕೆನ್ನೆ, ಕಿರೀಟದ ತುದಿ, ವಸ್ತ್ರದ ಮಡಿಕೆ ಮುಂತಾದ ಉಬ್ಬುಭಾಗಗಳು ಮೊದಲು ಸವೆಯುತ್ತವೆ, ತಗ್ಗಿನಲ್ಲಿರುವ ಅಕ್ಷರಗಳು ಕೊನೆಗೆ. ಆದರೆ ಸುತ್ತಿಗೆಯಿಂದ ಕೈಯಾರೆ ಒತ್ತಿದ ಮಧ್ಯಯುಗದ ನಾಣ್ಯಗಳಿಗೆ ಇದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ದಿಲ್ಲಿಯ ನಂದಿ-ಅಶ್ವಾರೋಹಿ ನಾಣ್ಯಗಳಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ‘ಶ್ರೀ ಸಾಮಂತದೇವ’ ಎಂಬ ಬರಹದ ಎಲ್ಲ ಅಕ್ಷರಗಳೂ ಒಂದೇ ನಾಣ್ಯದಲ್ಲಿ ಸಿಕ್ಕುವುದು ಅಪರೂಪ. ಅಕ್ಷರವು ಕಾಣದಿರುವುದಕ್ಕೆ ಸವೆತವೇ ಕಾರಣವಾಗಬೇಕಿಲ್ಲ. ಅದು ಬಿಲ್ಲೆಯ ಹೊರಗೆ ಬಿದ್ದಿರಬಹುದು, ಅಚ್ಚೇ ಹಳತಾಗಿರಬಹುದು, ಸುತ್ತಿಗೆಯ ಪೆಟ್ಟು ಓರೆಯಾಗಿರಬಹುದು. ನಿಜವಾದ ಸವೆತವು ನಾಣ್ಯದ ಎಲ್ಲ ಉಬ್ಬುಗಳನ್ನೂ ಏಕರೀತಿಯಲ್ಲಿ ನುಣುಪುಮಾಡುತ್ತದೆ. ಪೆಟ್ಟಿನ ದೋಷವಾದರೆ ಒಂದು ಕಡೆ ಬೋಳಾಗಿದ್ದು, ಪಕ್ಕದಲ್ಲಿಯೇ ಅಕ್ಷರದ ಮೂಲೆ ಚೂಪಾಗಿರುತ್ತದೆ. ಬ್ರಿಟಿಷ್ ರೂಪಾಯಿಗೆ ಕೊಡುವ ದರ್ಜೆಯ ಹೆಸರನ್ನು ಇಂಥವುಗಳಿಗೆ ಅಂಟಿಸಿ ಬೆಲೆಕಟ್ಟುವುದು ಅಶಾಸ್ತ್ರೀಯ.

ಬೆರಕೆಯ ಬೆಳ್ಳಿಯಲ್ಲಿ ಸವೆತದಿಂದ ಒಂದು ಉಪಕಾರವೂ ಇದೆ. ತಾಮ್ರ ಹೆಚ್ಚಾಗಿರುವ ಬಿಲ್ಲೆಗಳನ್ನು ಕಾಸಿ ಹುಳಿನೀರಿನಲ್ಲಿ ಅದ್ದಿದರೆ ಮೇಲ್ಪದರದ ತಾಮ್ರವು ಕರಗಿಹೋಗಿ ಬೆಳ್ಳಿಯ ತೆಳುಪೊರೆಯೊಂದು ಉಳಿಯುತ್ತದೆ. ಹೊಸ ನಾಣ್ಯವು ಬಿಳುಪಾಗಿ ಹೊಳೆಯುವುದು ಇದರಿಂದ. ಭೂಮಿಯಲ್ಲಿ ನೂರಾರು ವರ್ಷ ಹುದುಗಿದ್ದಾಗಲೂ ಇದೇ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಇಂಥ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿದರೆ ಪೊರೆಯ ಗೆರೆ ಬರುತ್ತದೆಯೇ ಹೊರತು ಒಡಲಿನದಲ್ಲ. ಇಂದು ಅಂಗಡಿಗಳಲ್ಲಿಯೂ ಬಳಕೆಗೆ ಬಂದಿರುವ ಕ್ಷ-ಕಿರಣದ ಯಂತ್ರಗಳಿಗೂ ಇದೇ ಮಿತಿಯಿದೆ. ಅವು ಓದುವುದು ಕೂದಲಿನ ದಪ್ಪಕ್ಕಿಂತ ಆಳವಲ್ಲದ ಪದರವನ್ನು. ಕೈಯಿಂದ ಕೈಗೆ ಸಾಗಿ ಚೆನ್ನಾಗಿ ಸವೆದ ನಾಣ್ಯದಲ್ಲಿಯಾದರೋ ಪೊರೆ ಹರಿದು, ಉಬ್ಬುಗಳ ತುದಿಯಲ್ಲಿ ಕೆಂಪು ತಾಮ್ರ ಇಣುಕುತ್ತದೆ. ಬೆರಕೆಯ ಪ್ರಮಾಣವನ್ನು ಕಣ್ಣಳತೆಯಲ್ಲಿ ತಿಳಿಯಬೇಕಾದವನಿಗೆ ಹೊಳೆಯುವ ನಾಣ್ಯಕ್ಕಿಂತ ಸವೆದ ನಾಣ್ಯವೇ ಹೆಚ್ಚು ನಂಬಿಕೆಗೆ ಅರ್ಹ. ಹೀಗಿರುವಲ್ಲಿ, ಹಳೆಯ ನಾಣ್ಯ ಸಿಕ್ಕೊಡನೆ ಹುಣಸೆಹಣ್ಣು, ನಿಂಬೆರಸಗಳಿಂದ ಉಜ್ಜಿ ತೊಳೆಯುವ ಅಭ್ಯಾಸವು ಎಷ್ಟು ಹಾನಿಕರವೆಂಬುದನ್ನು ಹೇಳಬೇಕಿಲ್ಲ. ಹುಳಿಯು ಮೇಲಿನ ತಾಮ್ರವನ್ನು ತಿಂದು ಐದು ವಿಸುವದ ನಾಣ್ಯಕ್ಕೆ ಹದಿನೈದು ವಿಸುವದ ವೇಷವನ್ನು ಹಾಕುತ್ತದೆ, ತೂಕವನ್ನೂ ಕದಿಯುತ್ತದೆ, ಕಾಲದ ಮುದ್ರೆಯಾದ ಕಪ್ಪುಪೊರೆಯನ್ನು ಮರಳಿ ಬಾರದಂತೆ ಅಳಿಸುತ್ತದೆ. ತಿಳಿಯದೆ ಮಾಡಿದರೂ ಫಲದಲ್ಲಿ ಅದು ಕೂಟಕರ್ಮಕ್ಕೆ ಸಮಾನ.

ಕೂಟಕರ್ಮದ ವಿಚಾರದಲ್ಲಿ ನಮ್ಮ ಶಾಸ್ತ್ರಗಳು ಕಠಿನವಾಗಿವೆ. ಒಳ್ಳೆಯ ನಾಣ್ಯವನ್ನು ಕೂಟವೆಂದೂ ಕೂಟವನ್ನು ಒಳ್ಳೆಯದೆಂದೂ ಹೇಳುವ ನಾಣಕಪರೀಕ್ಷಕನಿಗೆ ಯಾಜ್ಞವಲ್ಕ್ಯಸ್ಮೃತಿಯು ಉತ್ತಮಸಾಹಸವೆಂಬ ಅತ್ಯುನ್ನತ ದಂಡವನ್ನು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿದ್ದವನು. ತತ್ತ್ವಾರ್ಥಸೂತ್ರವು ಅಸ್ತೇಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡಾಗಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳನ್ನು ಎಣಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪ್ರತಿರೂಪಕವೆಂದರೆ ಕೃತ್ರಿಮವಾದ ಹಿರಣ್ಯಾದಿಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ಬಿಡಿಸಿದ್ದಾರೆ. ಒಂದು ತಕ್ಕಡಿಯ ಸುಳ್ಳು, ಇನ್ನೊಂದು ಲೋಹದ ಸುಳ್ಳು. ನಾಣ್ಯಪರೀಕ್ಷಕನು ಬೇರ್ಪಡಿಸಬೇಕಾದ ಎರಡು ದೋಷಗಳು ಇವೇ. ಫೇರುವಿನಂಥ ಶ್ರಾವಕನಿಗೆ ಈ ವಿದ್ಯೆಯು ವ್ರತಕ್ಕೆ ಹೊರಗಿನದಾಗಿ ತೋರಿರಲಾರದು.

ದ್ರವ್ಯಪರೀಕ್ಷೆಯಲ್ಲಿ ಬರುವ ನಾಣ್ಯಗಳು ಸುಮಾರು ೨೬೦ ಬಗೆಯವು. ಚಿನ್ನ, ಬೆಳ್ಳಿಗಳವಲ್ಲದೆ ಬೆಳ್ಳಿ-ತಾಮ್ರಗಳ ದ್ವಿಧಾತು, ಮೂರೂ ಬೆರೆತ ತ್ರಿಧಾತು ನಾಣ್ಯಗಳೂ ಇವೆ. ಮಾಳವ, ಚಂದೇರಿ, ನಳಪುರ, ಜಾಲಂಧರ, ಗುಜರಾತುಗಳವು, ದೇವಗಿರಿಯವು, ದಿಲ್ಲಿಯ ಸುಲ್ತಾನರವು ಎಂದು ವಿಭಾಗಗಳು ಸಾಗುತ್ತವೆ. ಅಲ್ಲಾವುದ್ದೀನನ ದುಗಾಣಿ, ಛಗಾಣಿ ಮುಂತಾದ ಚಿಲ್ಲರೆಗಳ ಹೆಸರುಗಳು ದೊರೆಯುತ್ತವೆ. ಇವೆಲ್ಲವೂ ದಿಲ್ಲಿಗೆ ಬಂದು ಸೇರಿದುದು ಬಹುಮಟ್ಟಿಗೆ ದಂಡಯಾತ್ರೆಗಳ ಫಲ. ಸೋತ ರಾಜ್ಯಗಳ ನಾಣ್ಯಗಳನ್ನು ಕರಗಿಸಿ ಗೆದ್ದವನ ಅಚ್ಚು ಒತ್ತುವುದಕ್ಕೆ ಮುನ್ನ ಅವುಗಳ ಬೆಳ್ಳಿಯನ್ನು ತಿಳಿಯಬೇಕಾಗಿತ್ತು. ಹೀಗೆ ಫೇರುವಿನ ಪಟ್ಟಿಯು ಬಹುಪಾಲು ಮೂಸೆಗೆ ಹೊರಟಿದ್ದ ನಾಣ್ಯಗಳ ಪಟ್ಟಿ.

ಈ ಅಂಕಿಗಳನ್ನು ಬಳಸುವಾಗ ಪಾಠಪರಿಶೋಧನೆಯು ಅನಿವಾರ್ಯ. ಗಾಹೆಗಳೊಡನೆ ಅಂಕಿಗಳ ಕೋಷ್ಠಕಗಳೂ ಪ್ರತಿಯಲ್ಲಿವೆ. ಏಕೈಕ ಪ್ರತಿಯಾದ್ದರಿಂದ ಪಾಠಾಂತರಗಳ ನೆರವಿಲ್ಲ. ನಾಗರಿಯ ಅಂಕಿಯಲ್ಲಿ ಒಂದು ಗೀಟು ಮಾಸಿದರೆ ಮೂರು ಎರಡಾಗುತ್ತದೆ. ಆದರೆ ಲೆಕ್ಕದ ಗ್ರಂಥಕ್ಕೆ ಲೆಕ್ಕವೇ ಕಾವಲು. ಹನ್ನೆರಡು ಮಾಷಕ್ಕೆ ಒಂದು ತೊಲವಾದ್ದರಿಂದ ಮಾಷದ ಮನೆಯಲ್ಲಿ ಹನ್ನೊಂದಕ್ಕೆ ಮೀರಿದ ಅಂಕಿ, ಹದಿನಾರು ಯವಕ್ಕೆ ಒಂದು ಮಾಷವಾದ್ದರಿಂದ ಯವದ ಮನೆಯಲ್ಲಿ ಹದಿನೈದಕ್ಕೆ ಮೀರಿದ ಅಂಕಿ ಕಂಡರೆ ಅದು ಲಿಪಿದೋಷವೆಂದು ಶಂಕಿಸಬೇಕು. ಗಾಹೆಯಲ್ಲಿ ಶಬ್ದರೂಪದಲ್ಲಿರುವ ಸಂಖ್ಯೆಯನ್ನು ಕೋಷ್ಠಕದ ಅಂಕಿಯೊಡನೆ ಹೋಲಿಸುವುದು ಎರಡನೆಯ ಪರೀಕ್ಷೆ. ಛಂದಸ್ಸು ಶಬ್ದವನ್ನು ಕಾಯುತ್ತದೆ, ಅಂಕಿಗೆ ಅಂಥ ರಕ್ಷಣೆಯಿಲ್ಲ. ಮೂರನೆಯದು ನಾಣ್ಯಗಳೇ. ಇಲ್ಲಿ ನಾಣ್ಯವು ಗ್ರಂಥವನ್ನು ತಿದ್ದುತ್ತದೆ.

ಗ್ರಂಥವು ನಾಣ್ಯವನ್ನು ತಿದ್ದಿದ ನಿದರ್ಶನವೂ ಇದೆ. ನಂದಿ-ಅಶ್ವಾರೋಹಿ ಜಾತಿಯ, ‘ಮದನಪಾಲ’ ಎಂಬ ಹೆಸರುಳ್ಳ ನಾಣ್ಯಗಳನ್ನು ಹಿಂದಿನ ವಿದ್ವಾಂಸರು ಕನೌಜಿನ ಗಾಹಡವಾಲ ಮದನಪಾಲನವೆಂದು ಭಾವಿಸಿದ್ದರು. ಫೇರುವು ದಿಲ್ಲಿಯ ತೋಮರರ ನಾಣ್ಯಗಳನ್ನು ಹೇಳುವಲ್ಲಿ ಅನಂಗ, ಮದನ, ಪಿಠಉ, ಚಾಹಡ ಎಂಬ ಹೆಸರುಗಳಿಗೆ ‘ಪಲಾಹೆ’ ಎಂಬುದನ್ನು ಸೇರಿಸಿ ನಾಲ್ಕು ಬಗೆಗಳನ್ನು ಎಣಿಸಿದ್ದಾನೆ. ಖರತರಗಚ್ಛದ ಗುರ್ವಾವಲಿಯಲ್ಲಿಯೂ ಮಣಿಧಾರೀ ಜಿನಚಂದ್ರಸೂರಿಗಳು ಸಂವತ್ ೧೨೨೩ರಲ್ಲಿ (ಕ್ರಿ.ಶ. ೧೧೬೬) ದಿಲ್ಲಿಗೆ ಬಂದಾಗ ಅಲ್ಲಿ ಆಳುತ್ತಿದ್ದವನು ಮದನಪಾಲನೆಂದಿದೆ. ಪರಸ್ಪರ ಸಂಬಂಧವಿಲ್ಲದ ಉದ್ದೇಶಗಳಿಂದ ಬರೆದ ಎರಡು ಜೈನ ಗ್ರಂಥಗಳು ಒಂದೇ ಹೆಸರನ್ನು ದಿಲ್ಲಿಗೆ ಕೊಡುತ್ತವೆ. ಆ ನಾಣ್ಯಗಳು ಈಗ ದಿಲ್ಲಿಯ ತೋಮರ ಮದನಪಾಲನವೆಂದು ಗಣಿತವಾಗಿವೆ. ಕುದುರೆಯ ತಲೆಯ ಮೇಲ್ಗಡೆ ‘ದನಪ’ ಎಂಬ ಮೂರು ಅಕ್ಷರಗಳಷ್ಟೇ ಉಳಿದಿರುವ, ತಾಮ್ರ ಇಣುಕುವ ಸವೆದ ಬಿಲ್ಲೆಯಾದರೂ ಈ ನಿರ್ಣಯಕ್ಕೆ ಸಾಲುತ್ತದೆ.